ಕಲ್ಲು ನೆಕ್ಕುವ ಕಾಕಾ

ನಮ್ಮ ಕಾಕಾ ಅರ್ಧ ಪುಣೆಯನ್ನು ನೆಕ್ಕಿ ನೋಡಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅರ್ಧವಲ್ಲ, ಮುಕ್ಕಾಲು! ಸದಾಶಿವ ಪೇಠೆಯ ವಾಡೆಗಳ ಹೊಸ್ತಿಲು, ನದಿಯ ಘಾಟಿನ ಮೆಟ್ಟಿಲು, ಟಾಂಗಾ ನಿಲ್ಲುವಲ್ಲಿನ ಮೈಲಿಗಲ್ಲು, ಯಾವುದೂ ಅವರ ನಾಲಿಗೆಯಿಂದ ಪಾರಾಗಿರಲಿಲ್ಲ. ಸಾಣೆ ಹಿಡಿದ ಮೇಲೆ ಕಲ್ಲು ಹೇಗೆ ಕಾಣುತ್ತದೆಂದು ತಿಳಿಯಬೇಕಾದರೆ ಮೊದಲು ಅದನ್ನು ಒದ್ದೆ ಮಾಡಿ ನೋಡಬೇಕಂತೆ. ಹೋದಲ್ಲೆಲ್ಲ ನೀರಿನ ತಂಬಿಗೆ ಹೊತ್ತುಕೊಂಡು ತಿರುಗಲಾದೀತೇ? ನಾಲಿಗೆಯಾದರೆ ಸದಾ ಜೊತೆಗಿರುತ್ತದೆ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಪ್ಪ ಧಾರವಾಡ ಬಿಟ್ಟು ಪುಣೆಗೆ ಬಂದಾಗ ಜೊತೆಗೇ ಬಂದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ನೋಡಿಕೊಳ್ಳುತ್ತ ಉಳಿದುಬಿಟ್ಟರು, ಮದುವೆಯಾಗಲಿಲ್ಲ. ಯುದ್ಧದ ಕಾಲ. ದೇಹೂ ರೋಡಿನ ಮಿಲಿಟರಿ ಉಗ್ರಾಣದಲ್ಲಿ ಕಾರಕೂನಿಕೆ. ಅದು ಹೊಟ್ಟೆಪಾಡಿಗೆ. ಪ್ರಾಣವೆಲ್ಲ ಅಟ್ಟದ ಮೇಲಿನ ಸಾಣೆಚಕ್ರದಲ್ಲಿ. ಕಾಲಿನಿಂದ ಅದನ್ನು ತುಳಿಯುತ್ತ ಕೋಟಿನ ಗುಂಡಿ, ಉಂಗುರದ ಹರಳು, ನಶ್ಯದ ಡಬ್ಬಿಯ ಮುಚ್ಚಳ, ಹೀಗೆ ಯಾರೂ ಕೇಳದ ವಸ್ತುಗಳನ್ನು ಮಾಡಿ ಯಾರು ಸಿಕ್ಕರೆ ಅವರಿಗೆ ಕೊಟ್ಟುಬಿಡುತ್ತಿದ್ದರು.

ಬೆಳಿಗ್ಗೆ ಭಕ್ಕರಿ ತುಂಬಿಕೊಂಡು ಹೋದ ಡಬ್ಬಿಯಲ್ಲಿ ಸಂಜೆ ಕಲ್ಲು ತುಂಬಿಕೊಂಡು ಬರುವುದು ಅವರ ಪದ್ಧತಿ. ಅವ್ವ ಸಿಡಿಮಿಡಿಗೊಳ್ಳುತ್ತಿದ್ದಳು.

“ಏನ್ರಿ ಇದು! ಈ ಡಬ್ಬಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವ.”

“ಕೈ ಅಲ್ರಿ ವೈನಿ, ಸವದದ್ದು ಡಬ್ಬಿ. ಹಿತ್ತಾಳಿ ಮೆತ್ತಗ, ಬೆಣಚುಕಲ್ಲು ಗಟ್ಟಿ. ನೋಡ್ರಿ, ಹೆಂಗ ಗೀರು ಬಿದ್ದದ!”

ಹೀಗೆ ಸಮಾಧಾನ ಹೇಳಿದರೆ ಯಾರಿಗೆ ಸಿಟ್ಟು ಇಳಿದೀತು?

ಅವರ ವಿದ್ಯೆಗೆ ಇಡೀ ಊರಿನಲ್ಲಿ ಸಿಕ್ಕ ಶಿಷ್ಯೆ ನಾನೊಬ್ಬಳೇ. “ಈ ಪುಣೆಯವರು ಗಟ್ಟಿ ಇದ್ದದ್ದಕ್ಕೆಲ್ಲ ಗ್ರಾನೈಟ್ ಅಂತಾರ, ಕೂಸ. ಇಲ್ಲೀ ಕರಿಕಲ್ಲಿನಾಗ ಎಲ್ಲಿ ಅದ ಕಾಳು?” ಎಂದು ಗೊಣಗುತ್ತ, ಇಳಕಲ್ಲಿನ ಕಡೆಯ ಕೆಂಪು ಗ್ರಾನೈಟಿನ ಚೂರೊಂದನ್ನು ಬಿಸಿಲಿಗೆ ಹಿಡಿಯುತ್ತಿದ್ದರು. ಅದರಲ್ಲಿ ಮೂರು ಬಗೆಯ ಕಾಳು. ಗಾಜಿನಂಥ ಬೆಣಚು, ಹೊರಳಿಸಿದಾಗ ಫಳ್ಳೆನ್ನುವ ಕೆಂಪು ಹರಳು, ನಡುವೆ ಮಿಣುಕುವ ಕಾಗೆಬಂಗಾರ. “ಕಾಗಿಬಂಗಾರ ಭಾಳಿದ್ರ ಸಾಣಿ ಮ್ಯಾಲೆ ಕಿತ್ತು ಬರತದ, ಹೊಳಪು ಕೂಡಂಗಿಲ್ಲ. ಕಡಿಮಿ ಇದ್ದದ್ದು ಆರಿಸಬೇಕು.” ವರ ಆರಿಸುವುದಕ್ಕೂ ಇಷ್ಟು ಶಾಸ್ತ್ರ ಯಾರೂ ನನಗೆ ಹೇಳಲಿಲ್ಲ!

ವರನ ಮಾತು ಬಂತು, ಹೇಳಿಯೇ ಬಿಡುತ್ತೇನೆ. ನನ್ನ ಮೊದಲ ಸಂಬಂಧ ಮುರಿದದ್ದು ಒಂದು ಉಂಗುರದಿಂದ. ಹುಡುಗನ ತಂದೆ ತಮ್ಮ ಬೆರಳಿನ ಪುಷ್ಯರಾಗವನ್ನು ಹೊಗಳಿದ್ದೇ ಹೊಗಳಿದ್ದು. ಕಾಕಾ ಆ ಬೆರಳನ್ನು ಹಿಡಿದು, ಮೃದುವಾಗಿ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ ನೆಕ್ಕಿದರು! “ಖರೇ ಹರಳು ನಾಲಿಗಿಗೆ ತಣ್ಣಗ ಹತ್ತತದ್ರಿ. ಇದು ಬೆಚ್ಚಗದ. ಗಾಜು.” ಬೀಗರಾಗಬೇಕಾದವರು ಅವಲಕ್ಕಿಯನ್ನೂ ಮುಗಿಸದೆ ಎದ್ದರು.

ಎರಡನೆಯವರ ಮನೆಯಲ್ಲಿ ಒಂದು ಕಲ್ಲುಹಾಸಿನ ಮೇಜು. “ಅಸಲಿ ಗ್ರಾನೈಟ್” ಎಂದರು ಯಜಮಾನರು. ಕಾಕಾ ಉಪ್ಪಿಟ್ಟಿನ ತಟ್ಟೆಯಲ್ಲಿದ್ದ ನಿಂಬೆಹೋಳನ್ನು ಅದರ ಮೇಲೆ ಹಿಂಡಿ ಕಿವಿ ಹಚ್ಚಿ ಕುಳಿತರು. ಸಣ್ಣಗೆ ನೊರೆ ಎದ್ದಿತು. “ಗ್ರಾನೈಟ್ ನಿಂಬಿಹಣ್ಣಿಗೆ ಜಗ್ಗಂಗಿಲ್ರಿ. ಇದು ಸಂಗಮರವರ, ಅಮೃತಶಿಲಾ!” ಸಂತೋಷದಿಂದ ಸಾರಿದರು. ಮೇಜಿನ ಮೇಲೆ ಕಲೆ ಉಳಿಯಿತು. ನಾನು ನಮ್ಮ ಮನೆಯಲ್ಲೇ ಉಳಿದೆ.

ಮೂರನೆಯ ಸಂಬಂಧ ಬಂದಾಗ ಮಾತ್ರ ನನಗೆ ನಗು ಬರಲಿಲ್ಲ. ಹುಡುಗ ಎರಡು ಓಣಿ ಆಚೆಯವರು, ನಮ್ಮ ಕಡೆಯವರೇ, ಶಾಲೆಯ ಮಾಸ್ತರರು. ದಿನಾ ನಮ್ಮ ಮನೆ ಮುಂದೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. (ನಮ್ಮ ಕಿಟಕಿ ದಾಟುವವರೆಗೆ ಮಾತ್ರ ತಳ್ಳುವುದು, ಆಮೇಲೆ ಹತ್ತುವುದು!) ಈ ಮನೆಯೂ ಬೇಡವೆಂದರೆ ನಾನು ಏನಾಗುತ್ತಿದ್ದೆನೋ, ನನಗೇ ಗೊತ್ತಿರಲಿಲ್ಲ.

“ಅಲ್ಲಿ ಯಾವ ಕಲ್ಲಿನ ಸುದ್ದೀನೂ ಬ್ಯಾಡ. ಆಣಿ ಮಾಡ್ರಿ,” ಎಂದಳು ಅವ್ವ.

“ಕೇಳಿದವರಿಗೆ ಸುಳ್ಳು ಹೇಳು ಅನಬ್ಯಾಡ್ರಿ ವೈನಿ. ಕಲ್ಲಿನ ವಿಷಯದಾಗ ನನ್ನ ಕಡೆ ಆಗೂದಿಲ್ಲ.”

ಹೊರಡುವಾಗ ಅವ್ವ ಕಾಕಾನ ಎರಡೂ ದವಡೆಗೆ ಎಲೆಯಡಿಕೆ ತುರುಕಿದಳು.

ಹುಡುಗನ ಅಜ್ಜ ಮೆಟ್ಟಿಲು ಇಳಿಯಲಾರರೆಂದು ನಾವೇ ಅವರ ಮನೆಗೆ ಹೋದೆವು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಕಾಕಾ ಉಬ್ಬಿದ ಬಾಯಿಯಲ್ಲಿ “ಹ್ಞೂಂ, ಹ್ಞೂಂ” ಎನ್ನುತ್ತ ಸಭ್ಯರಂತೆ ಕಂಡರು. ಅಷ್ಟರಲ್ಲಿ ಅಜ್ಜ, “ನೀವು ಕಲ್ಲು ಬಲ್ಲವರಂತಲ್ರಿ. ಬಾಯಿ ತೊಳಕೊಂಡು ದೇವರಮನಿಗೆ ಬರ್ರಿ,” ಎಂದರು. ಅವ್ವನ ಮುಖ ಬಿಳಿಚಿತು.

ದೇವರ ಮುಂದೆ ಕೂತು ಅಜ್ಜ, ಐದು ದೇವರೆಂದು ಪೂಜಿಸುವ ಐದು ಕಲ್ಲುಗಳಲ್ಲಿ ಕೆಂಪಗಿದ್ದೊಂದನ್ನು ಅಂಗೈ ಮೇಲೆ ಎತ್ತಿಕೊಂಡರು. “ನಮ್ಮ ಪಂಚಾಯತನದ ಗಣಪತಿ. ಶೋಣಭದ್ರ ನದೀದು. ನಮ್ಮ ಅಜ್ಜ ಕಾಶಿಯಿಂದ ನಡಕೋತ ತಂದಾರ. ಇಂಥಾ ಅಸಲಿ ಶೋಣಭದ್ರ ಪುಣೆದಾಗ ಇನ್ನೊಂದಿಲ್ಲ. ಹೌದಲ್ಲೇನ್ರಿ?” ಎಂದವರು ಅದರ ಮೇಲೆ ಒಂದು ಚಮಚ ನೀರು ಹಾಕಿದರು.

ಅಯ್ಯೋ, ಆ ನೀರೇ! ಒದ್ದೆಯಾದದ್ದೇ ತಡ, ನಾನು ಕುಳಿತಲ್ಲಿಗೇ ಮೂರೂ ಬಗೆಯ ಕಾಳು ಹೊಳೆದವು. ಶೋಣಭದ್ರದ ಕಲ್ಲಿನಲ್ಲಿ ಕಾಳಿರುವುದಿಲ್ಲ, ಅದು ಉದ್ದಕ್ಕೂ ಒಂದೇ ನುಣುಪಿನ ಕೆಂಪು ಎಂದು ಕಾಕಾ ನನಗೆ ಎಷ್ಟು ಸಲ ತೋರಿಸಿರಲಿಲ್ಲ! ಇದು ನಮ್ಮ ಇಳಕಲ್ಲಿನ ಗ್ರಾನೈಟ್. ಕಾಶಿಯನ್ನು ಕನಸಿನಲ್ಲೂ ಕಂಡದ್ದಲ್ಲ.

ಕಾಕಾ ಭೂತಗನ್ನಡಿ ಹಿಡಿದು ಬಾಗಿದರು. ಅಭ್ಯಾಸಬಲದಿಂದ ನಾಲಿಗೆಯ ತುದಿ ಹೊರಗೆ ಬಂತು. ನಾನು ಕಣ್ಣು ಮುಚ್ಚಿಕೊಂಡೆ.

“ಹೌದ್ರಿ ಅಜ್ಜಾರ,” ಎಂದಿತು ಕಾಕಾನ ದನಿ. “ಖರೇ ಶೋಣಭದ್ರ.”

ಅವ್ವ ಗೋಡೆಗೆ ಒರಗಿದಳು. ಅಜ್ಜ ಅಲ್ಲೇ ಸಕ್ಕರೆ ಹಂಚಿಸಿದರು.

ದಾರಿಯುದ್ದಕ್ಕೂ ಕಾಕಾ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಅವ್ವ ಮುಂದೆ ಹೋದಾಗ ಮೆಲ್ಲಗೆ ಕೇಳಿದೆ.

“ಕಾಕಾ, ಕಾಳು ನಿನಗ ಕಾಣಲಿಲ್ಲೇನು?”

“ಕಂಡ್ವು, ಕೂಸ.”

“ಮತ್ತ?”

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಕನ್ನಡಕವನ್ನಲ್ಲ, ಕಣ್ಣನ್ನು. “ಹೇಳಬೇಕಂತನs ತಲಿ ಎತ್ತಿದೆ. ನೀ ಕಣ್ಣು ಮುಚ್ಚಿ ಕುಂತಿದ್ದಿ. ಎರಡು ಸಲ ನಾ ಕಲ್ಲು ನೋಡಿದೆ, ನಿನ್ನ ಮುಖ ನೋಡಲಿಲ್ಲ. ತಪ್ಪಾತು, ಕೂಸ.”

ಆಮೇಲೆ ವಾರವಿಡೀ ಅಟ್ಟದ ಮೇಲೆ ಚಕ್ರ ತಿರುಗಲಿಲ್ಲ. ಆ ಸುಳ್ಳು ಹೇಳುವುದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಆಗ ತಿಳಿಯಿತು.

ಕಾಕಾ ಈಗಿಲ್ಲ. ನಮ್ಮವರು ಇಂದಿಗೂ ಪೂಜೆಗೆ ಕುಳಿತಾಗ ಬಂದವರಿಗೆ ಆ ಗಣಪತಿಯನ್ನು ತೋರಿಸಿ ಕಾಕಾನ ಸಾಕ್ಷಿ ಹೇಳುತ್ತಾರೆ. ನಾನು ಹೌದೆಂದು ತಲೆಯಾಡಿಸಿ ಕೈ ಮುಗಿಯುತ್ತೇನೆ. ನಮ್ಮ ಕಾಕಾ ಕಲ್ಲಿನ ವಿಷಯದಲ್ಲಿ ಜೀವಮಾನಕ್ಕೆ ಒಂದೇ ಒಂದು ಸುಳ್ಳು ಹೇಳಿದರು. ಆ ಸುಳ್ಳಿನೊಳಗೆ ನಾನು ಇಷ್ಟು ವರ್ಷ ಸುಖವಾಗಿ ಸಂಸಾರ ಮಾಡಿದ್ದೇನೆ.