ಮೂರು ಭಾಷಣ, ಒಂದು ಶಾಲು

ಮೂಡಲಪಾಳ್ಯದಲ್ಲಿ ಐದನೇ ಕ್ರಾಸ್ ಆದ ಮೇಲೆ ಒಂಬತ್ತನೇ ಕ್ರಾಸ್ ಬರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ನಡುವಿನ ಕ್ರಾಸುಗಳಿಗೆ ಜಾಗ ಸಿಗುವವರೆಗೆ ಕಾಯತಕ್ಕದ್ದೆಂದು ತೀರ್ಮಾನವಾಗಿದ್ದು, ಅಲ್ಲಿಯವರೆಗೆ ಆ ವಿಳಾಸದವರು ತಮ್ಮ ಕಾಗದ ಪತ್ರಗಳನ್ನು ಹಾಲಿನ ಬೂತಿನಲ್ಲಿ ಪಡೆದುಕೊಳ್ಳುತ್ತಾರೆ. ಅನಂತಲಕ್ಷ್ಮಿ ಹುಡುಕುತ್ತಿದ್ದುದು ಏಳನೇ ಕ್ರಾಸನ್ನು.

ಎಂಬತ್ತೇಳನೇ ಇಸವಿಯ ಏಪ್ರಿಲ್ ಬಿಸಿಲು. ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಕಂಪನಿಯ ಆಹ್ವಾನ ಪತ್ರಿಕೆ, ಕಂಕುಳಲ್ಲಿ ತೆಂಗಿನಕಾಯಿ. ಒಂದೇ ಬೋರ್‌ವೆಲ್ಲನ್ನು ಮತ್ತೆ ಮತ್ತೆ ದಾಟಿ ಸುಸ್ತಾದ ಮೇಲೆ ಅವಳು ಜಗಲಿಯ ಮೇಲೆ ಹುರುಳಿಕಾಳು ಆರಿಸುತ್ತಿದ್ದ ಮುದುಕರ ಮುಂದೆ ನಿಂತಳು. ಅವರು ಚಿಕ್ಕಮುನಿಯಪ್ಪ. ಊರು ಬಡಾವಣೆಯಾಗುವ ಮೊದಲಿನಿಂದಲೂ ಅದೇ ಜಗಲಿಯ ಮೇಲೆ ಇದ್ದವರು.

"ತಾತ, ವೆಂಕಟರಮಣಪ್ಪ ಅವರ ಮನೆ ಎಲ್ಲಿ ಬರುತ್ತೆ? ಟಿ.ವಿ. ಕಂಪನೀಲಿ ಸೂಪರ್‌ವೈಸರ್ ಆಗಿದ್ರು. ಕೆಲಸದಿಂದ ತೆಗೆದ್ರಲ್ಲ, ಅವರು."

"ಟೀವಿ ಕಂಪ್ನಿಯಿಂದ ತೆಗ್ದೋರು ಅಂದ್ರೆ ಈ ಬೀದೀಲೇ ನಾಕು ಮನೆ ಅವೆ ಕಣವ್ವ. ಶಾಲು ಎಂಥದು ಕೊಟ್ರು? ಬರೀದಾ, ಜರೀದಾ?"

"ಜರಿ ಅಂಚು. ಸೂಪರ್‌ವೈಸರ್ ಗ್ರೇಡು."

"ಅಂಗನ್ನು ಮತ್ತೆ! ಸೀದಾ ಓಗಿ ಬೇವಿನ ಮರದ ತಾವ ಬಲಕ್ಕೆ ತಿರ್ಗು. ಬಿಸ್ಲು ತಡೀಲಿ ಅಂತ ಕಿಟಕೀಗೆ ಜರಿ ಶಾಲು ಕಟ್ಟವ್ರೆ. ಅದೇ ಮನೆ." ಕಾಳಿನಿಂದ ಕಲ್ಲೊಂದನ್ನು ಹೆಕ್ಕಿ ಎಸೆದು ಕೇಳಿದರು, "ನಿಂದು ಯಾವಾಗವ್ವ?"

"ನನ್ನನ್ನ ತೆಗೆಯೋಕಾಗಲ್ಲ ತಾತ."

"ಅಯ್ಯೋ ಪಾಪ," ಎಂದರು ಚಿಕ್ಕಮುನಿಯಪ್ಪ. "ಇರ್ಲಿ ಬುಡು. ದ್ಯಾವ್ರು ಒಂದಿನ ಕಣ್ ಬುಡ್ತಾನೆ."

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ನವದೃಷ್ಟಿ ಎಲೆಕ್ಟ್ರಾನಿಕ್ಸ್ ಕಪ್ಪು ಬಿಳುಪು ಟಿ.ವಿ.ಗಳನ್ನು ತಯಾರಿಸುತ್ತಿತ್ತು. ಹಿಂದಿನ ವರ್ಷ ಅದನ್ನು ದೆಹಲಿಯ ವನಸ್ಪತಿ ವ್ಯಾಪಾರಿಗಳು ಕೊಂಡುಕೊಂಡರು. ಡಬ್ಬ ಡಬ್ಬವೇ, ಒಳಗೇನಿದ್ದರೇನು ಎಂಬುದು ಅವರ ವ್ಯಾಪಾರದ ಅನುಭವ. ಕೊಂಡ ವಾರವೇ ಕಾರ್ಖಾನೆಯಲ್ಲಿ ಮುನ್ನೂರೈವತ್ತು ಜನ ಹೆಚ್ಚಾಗಿದ್ದಾರೆಂದು ಪತ್ತೆ ಮಾಡಿದರು. ಇದ್ದವರೇ ಒಟ್ಟು ಮುನ್ನೂರ ಅರವತ್ತು.

ಒಂದೇ ದಿನ ಎಲ್ಲರನ್ನೂ ಕಳಿಸಿಬಿಡಬಹುದಿತ್ತು. ಆದರೆ ಹಳೆಯ ಮಾಲೀಕರು ಭಾಷಣಪ್ರಿಯರು. ಅವರು ಬರೆಸಿಟ್ಟ ಸೇವಾ ನಿಯಮಗಳಲ್ಲಿ ಹೀಗೊಂದು ವಿಧಿ ಇತ್ತು: "ನೌಕರರಿಗೆ ಶಾಲು, ಹಾರ, ಫಲತಾಂಬೂಲ ಸಲ್ಲಿಸಿ, ಅವರ ವಿಭಾಗದ ಮೂವರು ಅವರ ಗುಣಗಳನ್ನು ಕುರಿತು ಮಾತನಾಡಿ, ವಂದನಾರ್ಪಣೆ ಆಗುವವರೆಗೆ ಅವರು ಸೇವೆಯಿಂದ ಹೊರಟರೆಂದು ತಿಳಿಯತಕ್ಕದ್ದಲ್ಲ." ಕಂಪನಿ ಕೊಳ್ಳುವಾಗ ದೆಹಲಿಯ ವಕೀಲರು ಕನ್ನಡದಲ್ಲಿದ್ದ ಆ ಪುಟವನ್ನು ಕಾರ್ಖಾನೆಯ ಪ್ರಾರ್ಥನೆ ಎಂದು ಭಾವಿಸಿ, ಎದ್ದು ನಿಂತು ರುಜು ಹಾಕಿದ್ದರು.

ಮೊದಲು ಸಾಮೂಹಿಕ ಬೀಳ್ಕೊಡುಗೆಯನ್ನು ಪ್ರಯತ್ನಿಸಲಾಯಿತು. ಐವತ್ತು ಜನರನ್ನು ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ, "ಇವರೆಲ್ಲರೂ ಸರಳ ಸಜ್ಜನರು" ಎಂದು ಒಂದೇ ಮಾತಿನಲ್ಲಿ ಮುಗಿಸಲು ಹೋದಾಗ ಯೂನಿಯನ್ನಿನ ದೊಡ್ಡಣ್ಣ ಎದ್ದು ನಿಂತ.

"ಸ್ವಾಮಿ, ನಮ್ಮ ಅಂಜಿನಯ್ಯ ಸಜ್ಜನ ಅಂತ ನಿಮಗೆ ಹೇಳಿದ್ಯಾರು? ಒಬ್ಬೊಬ್ಬರ ಗುಣ ಬೇರೆ ಬೇರೆ ಹೇಳಿ."

ಆಕ್ಷೇಪಣೆ ನ್ಯಾಯವಾಗಿತ್ತು. ಅಂಜಿನಯ್ಯನೂ ಒಪ್ಪಿಕೊಂಡ.

ಹೀಗೆ ಬೀಳ್ಕೊಡುಗೆ ವಿಭಾಗ ಅಸ್ತಿತ್ವಕ್ಕೆ ಬಂತು. ಸಿಬ್ಬಂದಿ ಅಧಿಕಾರಿ ಸೇತುರಾಮ ಅದರ ಮುಖ್ಯಸ್ಥನಾದ. ಟಿ.ವಿ. ಜೋಡಿಸುವ ಶೆಡ್ಡಿನಲ್ಲಿ ವೇದಿಕೆ ಎದ್ದಿತು. ಬಿಡಿಭಾಗಗಳ ಉಗ್ರಾಣಕ್ಕೆ ಶಾಲುಗಳು ಬಂದು ತುಂಬಿಕೊಂಡವು. ಪಿಕ್ಚರ್ ಟ್ಯೂಬು ಪರಿಶೀಲಿಸುತ್ತಿದ್ದವರನ್ನು ಹಾರದಲ್ಲಿ ಬಾಡಿದ ಹೂವು ಇದೆಯೇ ಎಂದು ಪರಿಶೀಲಿಸಲು ಹಾಕಿದರು. ಕೆಲಸ ಕಳೆದುಕೊಂಡವರು ಮಾರನೆಯ ದಿನದಿಂದಲೇ ಉಳಿದವರ ಮೇಲೆ ಭಾಷಣ ಮಾಡಲು ಬರತೊಡಗಿದರು. ಖಾರಾಬಾತು, ಕೇಸರಿಬಾತು ಇದ್ದುದರಿಂದ, ಕೆಲಸದಲ್ಲಿದ್ದಾಗ ಹೊಟ್ಟೆನೋವೆಂದು ರಜಾ ಹಾಕುತ್ತಿದ್ದವರೂ ಕೆಲಸ ಹೋದ ಮೇಲೆ ಒಂದು ದಿನ ತಪ್ಪಿಸಲಿಲ್ಲ. ಟಿ.ವಿ. ತಯಾರಿಕೆ ನಿಂತುಹೋಯಿತು. ದೆಹಲಿಗೆ ಹೋದ ವರದಿಯಲ್ಲಿ "ಹಾಜರಾತಿ ಗಣನೀಯವಾಗಿ ಸುಧಾರಿಸಿದೆ" ಎಂದಿತ್ತು. ದೆಹಲಿಯಿಂದ ಮೆಚ್ಚುಗೆ ಬಂತು. ಪಕ್ಕದ ಬೋಲ್ಟು ಕಾರ್ಖಾನೆಯವರು ತಮ್ಮ ಜನರನ್ನೂ ಇಲ್ಲೇ ಬೀಳ್ಕೊಟ್ಟು ಕೊಡಲು ಸಾಧ್ಯವೇ ಎಂದು ದರ ವಿಚಾರಿಸಿದರು.

ಒಂದೇ ತೊಂದರೆ. ಕೇಸರಿಬಾತು ತಿಂದು ಮಾತನಾಡದೆ ಎದ್ದು ಹೋಗುವವರು ಹೆಚ್ಚಿದರು. ಅದಕ್ಕೆ ಸೇತುರಾಮ ಸುತ್ತೋಲೆ ಹೊರಡಿಸಿದ:

"ಮದುವೆ ಮನೆಯಲ್ಲಿ ಮುಯ್ಯಿ ಮಾಡದವರಿಗೆ ಮುಯ್ಯಿ ವಾಪಸು ಬರುವುದಿಲ್ಲವೆಂಬುದು ಸರ್ವವಿದಿತ. ಅದೇ ಪ್ರಕಾರ, ಸಹೋದ್ಯೋಗಿಗಳ ಬೀಳ್ಕೊಡುಗೆಯಲ್ಲಿ ಒಮ್ಮೆಯಾದರೂ ಮಾತನಾಡದ ನೌಕರರನ್ನು ಕುರಿತು ಯಾರೂ ಮಾತನಾಡತಕ್ಕದ್ದಲ್ಲ. ಮತ್ತು, ದಿನ ಗೊತ್ತಾದ ಮೇಲೂ ಮೂವರು ಭಾಷಣಕಾರರು ಒದಗದ ನೌಕರರನ್ನು ನಿರ್ಗುಣರೆಂದು ಪರಿಗಣಿಸಿ, ಪರಿಹಾರವಿಲ್ಲದೆ ಅಂದೇ ಕಳಿಸತಕ್ಕದ್ದು. ಮುಂದೂಡಲು ಅವಕಾಶವಿರುವುದಿಲ್ಲ."

ಎಲ್ಲರೂ ಹೆದರಿ ಮಾತನಾಡಿದರು. ಪರೀಕ್ಷಾ ವಿಭಾಗದ ಅನಂತಲಕ್ಷ್ಮಿ ಒಬ್ಬಳು ಮಾತನಾಡಲಿಲ್ಲ. ಹಟವೇನಲ್ಲ. ಮೈಕು ಕಂಡರೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಭಾಷಣ ಶುರುವಾದೊಡನೆ ಹಿಂದೆ ಹೋಗಿ ಹಣ್ಣು ಹೆಚ್ಚುತ್ತಿದ್ದಳು. ಅವಳು ಮಾತನಾಡದ್ದರಿಂದ ಅವಳ ಮೇಲೆ ಯಾರೂ ಮಾತನಾಡುವಂತಿಲ್ಲ. ಮೂವರು ಮಾತನಾಡಲು ಒಪ್ಪಿದ ಮೇಲಷ್ಟೇ ದಿನ ಗೊತ್ತುಮಾಡುವ ಪದ್ಧತಿಯಾದ್ದರಿಂದ, ಅವಳ ಬೀಳ್ಕೊಡುಗೆಗೆ ದಿನವನ್ನೂ ಗೊತ್ತುಮಾಡುವಂತಿಲ್ಲ. ಹೀಗಾಗಿ ಒಂದನೇ ತಾರೀಖು ಸಂಬಳ ತಪ್ಪುವಂತಿರಲಿಲ್ಲ.

ಗಂಡ ಗೋಪೀನಾಥನ ಬಟ್ಟೆ ಗಿರಣಿ ಎರಡು ವರ್ಷದಿಂದ "ತಾತ್ಕಾಲಿಕವಾಗಿ" ಮುಚ್ಚಿತ್ತು. ವಿಜಯನಗರದ ಬಾಡಿಗೆ ಮನೆ, ಇಬ್ಬರು ಮಕ್ಕಳ ಶಾಲೆ, ಒಲೆಯ ಮೇಲಿನ ಸಾರು ಎಲ್ಲವೂ ಅವಳ ಮೌನದ ಮೇಲೆ ನಿಂತಿದ್ದವು. "ಯಾವ ಕಾರಣಕ್ಕೂ ಬಾಯಿ ಬಿಡಬೇಡ ಕಣೇ," ಎಂದು ಗೋಪೀನಾಥ ದಿನಾ ಬೆಳಿಗ್ಗೆ ಊಟದ ಡಬ್ಬಿ ಕೈಗೆ ಕೊಡುವಾಗ ಹೇಳುತ್ತಿದ್ದ.

"ಮದುವೆಯಾದ ಹೊಸದರಲ್ಲೂ ಇದನ್ನೇ ಹೇಳ್ತಿದ್ರಿ. ಆಗ ಇಷ್ಟು ಪ್ರೀತಿಯಿಂದ ಹೇಳ್ತಿರಲಿಲ್ಲ," ಎಂದು ಅವಳು ಹೊರಡುತ್ತಿದ್ದಳು.

ತೆಗೆಯಲಾಗದವಳಿಗೆ ಕೆಲಸವನ್ನಾದರೂ ಕೊಡಬೇಕಲ್ಲ. ಮನೆಗೆ ಬಂದು ಕುಂಕುಮ ಇಟ್ಟು ಕರೆಯದೆ ಭಾಷಣಕ್ಕೆ ಬರಲು ಹಿರಿಯರು ಒಪ್ಪದ್ದರಿಂದ, ಹಾಗೆ ಕರೆದು ಬರುವ ಕೆಲಸಕ್ಕೆ ಅವಳನ್ನು ಹಾಕಿದರು. ಇವತ್ತಿನ ಕರೆ ನರಸಮ್ಮನ ಬೀಳ್ಕೊಡುಗೆಗೆ. ನರಸಮ್ಮ ಅವಳ ಪಕ್ಕದ ಬೆಂಚಿನವಳು. ಅವಳ ಮೇಲೆ ಮಾತನಾಡಲು ಪರೀಕ್ಷಾ ವಿಭಾಗದ ಇಂದ್ರಮ್ಮ, ಕೋಕಿಲಾ ಒಪ್ಪಿದ್ದರು. ಮೂರನೆಯವರು ವೆಂಕಟರಮಣಪ್ಪ. ಸಿಗುವ ಪರಿಹಾರವನ್ನು ನಂಬಿ ನರಸಮ್ಮ ಮಾರೇನಹಳ್ಳಿಯಲ್ಲಿ ಹಿಟ್ಟಿನ ಗಿರಣಿಗೆಂದು ಅಂಗಡಿ ಹಿಡಿದು, ಮಿಷನ್ನನ್ನೂ ತರಿಸಿ ಇಳಿಸಿಕೊಂಡಿದ್ದಳು.

ಜರಿ ಶಾಲಿನ ಕಿಟಕಿಯ ಹಿಂದೆ ವೆಂಕಟರಮಣಪ್ಪ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಎಲ್ಲ ವಿಭಾಗಗಳಿಗೂ ವರ್ಗವಾಗಿ ಹೋಗಿದ್ದವರಾದ್ದರಿಂದ ಎಲ್ಲರ ಮೇಲೂ ಮಾತನಾಡಲು ಅರ್ಹರು. ಮಾತನಾಡಿಯೂ ಇದ್ದರು.

"ಸ್ವರ ಬಿದ್ದೇ ಹೋಯ್ತಮ್ಮ," ಎಂದರು ಅವರ ಹೆಂಡತಿ ಗಂಗಲಕ್ಷ್ಮಮ್ಮ, ಕುಂಕುಮ ಹಚ್ಚಿಸಿಕೊಳ್ಳುತ್ತ. "'ಇವರು ಹೋಗಿದ್ದು ತುಂಬಲಾರದ ನಷ್ಟ' ಅಂತ ದಿನಕ್ಕೆ ಐದೈದು ಸಲ ಅಂದ್ರೆ ಗಂಟಲು ಏನಾಗಬೇಕು? ಒಂದು ತಿಂಗಳು ತುಟಿ ಬಿಚ್ಚಬೇಡಿ ಅಂದಿದಾರೆ ಡಾಕ್ಟ್ರು. ಕೆಲಸ ಇದ್ದಾಗ ಗುಂಡುಕಲ್ಲಿನ ಹಂಗಿದ್ರು. ಕೆಲಸ ಹೋದ್ಮೇಲೆ ವಿಪರೀತ ಕೆಲಸ."

ವೆಂಕಟರಮಣಪ್ಪ ಎದೆ ಮುಟ್ಟಿಕೊಂಡು, ಎರಡೂ ಕೈ ಮೇಲೆತ್ತಿ, ಗಾಳಿಯಲ್ಲಿ ದೊಡ್ಡದೊಂದು ವೃತ್ತ ಬರೆದರು.

"ಏನಂತಾರೆ ಅಕ್ಕ?"

"ನರಸಮ್ಮನ ಭಾಷಣ ಬಾಯಿಪಾಠ ಇದೆಯಂತೆ. ಬೇಕಾದ್ರೆ ಬಂದು ಕೈಸನ್ನೇಲಿ ಮಾಡ್ತಾರಂತೆ. ಕೇಳಿ ನೋಡಮ್ಮ."

ಅನಂತಲಕ್ಷ್ಮಿ ಎರಡು ಬಸ್ಸು ಬದಲಾಯಿಸಿ ಕಾರ್ಖಾನೆಗೆ ಬಂದಾಗ ನರಸಮ್ಮ ಆಗಲೇ ಧಾರೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ವೇದಿಕೆಯ ಕುರ್ಚಿಯಲ್ಲಿ ಕೂತಿದ್ದಳು. ಸೇತುರಾಮ ನಿಯಮದ ಪುಸ್ತಕ ತೆರೆದು ನೋಡಿದ.

"ಸನ್ನೆ ಆಗಲ್ಲಮ್ಮ. 'ಮಾತನಾಡಿ' ಅಂತ ಸ್ಪಷ್ಟವಾಗಿದೆ. ಅಲ್ಲದೆ ಸನ್ನೆಗೆ ಜನ ಚಪ್ಪಾಳೆ ತಟ್ಟೋದು ಎಲ್ಲಿ ಅಂತ?"

"ಹಾಗಾದ್ರೆ ನರಸಮ್ಮ ಏನಾಗ್ತಾಳೆ ಸಾರ್?"

"ನಿರ್ಗುಣ," ಎಂದ ಸೇತುರಾಮ. ಅವನಿಗೂ ಬೇಸರವಾಗಿತ್ತು. ಅವನೇನು ಕೆಟ್ಟವನಲ್ಲ. "ಪರೀಕ್ಷಾ ವಿಭಾಗದವರು ಇನ್ಯಾರಿದಾರೆ?"

ಇನ್ನೊಬ್ಬಳೇ ಇದ್ದಳು. ಕುಂಕುಮದ ಬಟ್ಟಲು ಹಿಡಿದು ಅವನ ಎದುರಿಗೇ ನಿಂತಿದ್ದಳು.

ಸೇತುರಾಮ ಕನ್ನಡಕ ತೆಗೆದು ಒರೆಸಿಕೊಂಡ. "ನೀವು ಮಾತಾಡ್ತೀರಿ ಅಂದ್ರೆ ನಾನು ಬೇಡ ಅನ್ನೋಕಾಗಲ್ಲ. ಇವರದು ಮುಗಿದ ಮೇಲೆ ವೇದಿಕೆ ಖಾಲಿಯಿದೆ. ನಿಮ್ಮದನ್ನೂ ಇವತ್ತೇ ಮುಗಿಸಿಬಿಡಬಹುದು, ಮೈಕಿನವನಿಗೆ ಎರಡು ಸಲ ಹೇಳಿಕಳಿಸೋದು ತಪ್ಪುತ್ತೆ. ಹಾರ ಮಾತ್ರ ಬೇರೆ ಹೊಸದೇ ಹಾಕ್ತೀವಿ. ಅದರಲ್ಲಿ ನಾನು ಜಿಪುಣತನ ಮಾಡಲ್ಲ."

ವೇದಿಕೆಯ ಮೇಲಿಂದ ನರಸಮ್ಮ ಗದರಿದಳು. "ಅನಂತೂ! ಹಿಂದೆ ಹೋಗಿ ಹಣ್ಣು ಹೆಚ್ಚು ಹೋಗೇ. ಬಾಯಿ ಬಿಟ್ಟೀಯ, ಜೋಕೆ!"

"ನಿನ್ನ ಗಿರಣಿ?"

"ಮಿಷನ್ ವಾಪಸ್ ಕಳಿಸ್ತೀನಿ. ನಾನು ಬೀಸದೇ ಇದ್ರೆ ಮಾರೇನಹಳ್ಳಿಯೋರು ಏನು ಉಪವಾಸ ಬೀಳ್ತಾರಾ? ನಿರ್ಗುಣ ಅಂದ್ರೆ ಬೈಗುಳ ಅಲ್ಲ ಕಣೇ. ದೇವರಿಗೂ ಹಂಗೇ ಅಂತಾರೆ."

ಅನಂತಲಕ್ಷ್ಮಿ ಹಿಂದೆ ಹೋಗಿ ಪರಂಗಿ ಹಣ್ಣು ಹೆಚ್ಚತೊಡಗಿದಳು. ಇಂದ್ರಮ್ಮ ಮಾತನಾಡಿದಳು: ನರಸಮ್ಮ ಸರಳ ಸಜ್ಜನಿಕೆಯವಳು, ಹೋಗುವುದು ತುಂಬಲಾರದ ನಷ್ಟ. ಕೋಕಿಲಾ ಅದನ್ನೇ ಹೇಳಿ, ನರಸಮ್ಮ ತರುತ್ತಿದ್ದ ಹುಣಿಸೆ ತೊಕ್ಕಿನ ವಿಷಯ ಸೇರಿಸಿದಳು. ಚಪ್ಪಾಳೆ ಬಿತ್ತು. ಆಮೇಲೆ ಮೈಕು ಒಂಟಿಯಾಗಿ ನಿಂತು ಕುಂಯ್ ಎಂದಿತು.

"ಪರೀಕ್ಷಾ ವಿಭಾಗದ ಮೂರನೆಯವರು ದಯಮಾಡಿ ವೇದಿಕೆಗೆ ಬರಬೇಕು," ಎಂದು ಸೇತುರಾಮ ಕರೆದ. ಯಾರೂ ಏಳಲಿಲ್ಲ. ನರಸಮ್ಮ ತೊಡೆಯ ಮೇಲೆ ಕೈ ಕಟ್ಟಿಕೊಂಡು ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಇನ್ನೊಮ್ಮೆ ಕರೆದ. ಕೊನೆಯ ಸಲ ಕರೆಯಲೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅನಂತಲಕ್ಷ್ಮಿ ಜನರ ನಡುವೆ ನಡೆದು ಬಂದಳು. ಕೈಯಲ್ಲಿ ಇನ್ನೂ ಚಾಕು ಇತ್ತು. ಸೇತುರಾಮ ಅದನ್ನು ನಯವಾಗಿ ತೆಗೆದುಕೊಂಡು, ಆಯುಧ ಸಹಿತ ಭಾಷಣಕ್ಕೆ ನಿಯಮದಲ್ಲಿ ಅವಕಾಶವಿಲ್ಲವೆಂದು ತಿಳಿಸಿದ.

ಎಲ್ಲರಿಗೂ ಅರ್ಥವಾಯಿತು. ಯಾರೂ ತಡೆಯಲಿಲ್ಲ. ಉಗ್ರಾಣದವನು ಇನ್ನೊಂದು ಶಾಲು ತರಲು ಎದ್ದ. ದೊಡ್ಡಣ್ಣ, "ಆಯಮ್ಮಂಗೆ ಬಣ್ಣ ನೋಡಿ ತಾರಪ್ಪ, ಹಸಿರು ಒಪ್ಪುತ್ತೆ," ಎಂದ. ಚಪ್ಪಲಿ ಮೆಟ್ಟಿ ಹೊರಟಿದ್ದ ಇಂದ್ರಮ್ಮ ಮತ್ತೆ ಕೂತುಕೊಂಡು ಕೋಕಿಲಾಳನ್ನೂ ಸೆರಗು ಹಿಡಿದು ಕೂರಿಸಿದಳು. "ಇರೇ, ಹೇಗೂ ಬಂದಿದೀವಿ. ಇವಳದ್ದೂ ಮುಗಿಸ್ಕೊಂಡೇ ಹೋಗೋಣ. ಇನ್ನೊಂದು ದಿನ ಬಸ್ಸಲ್ಲಿ ಯಾರು ಸಾಯ್ತಾರೆ?"

"ಬೇಡ ಕಣೇ," ಎಂದಳು ನರಸಮ್ಮ, ಮೈಕಿಗೆ ಕೇಳಿಸದ ಹಾಗೆ. "ಮಕ್ಕಳಿದಾವೆ ನಿಂಗೆ."

ಅನಂತಲಕ್ಷ್ಮಿಯ ನಾಲಿಗೆ ಎಂದಿನಂತೆ ಅಂಟಿಕೊಂಡಿತ್ತು. ಮೇಜಿನ ಮೇಲಿದ್ದ ಅಧ್ಯಕ್ಷರ ಲೋಟದ ನೀರು ಕುಡಿದಳು. ಅದು ಬಿಡಿಸಿಕೊಂಡಿತು.

"ನಾನು ಸೇರಿದಾಗ ಇಲ್ಲಿ ಇನ್ನೂ ರೇಡಿಯೋ ಮಾಡ್ತಿದ್ವಿ," ಎಂದಳು. "ಖಾಯಂ ಆಗಿರಲಿಲ್ಲ, ಒಂದು ಸೆಟ್ಟು ತಪ್ಪಿದ್ರೂ ಮನೆಗೆ ಕಳಿಸೋರು. ಆ ಮಳೆಗಾಲ ನಮ್ಮಮ್ಮ ಆಸ್ಪತ್ರೇಲಿ ಇದ್ರು. ಮಧ್ಯಾಹ್ನ ಆದ್ರೆ ಹಿಂದಿನ ಗೇಟಿಂದ ನಾನು ಓಡ್ತಿದ್ದೆ. ನರಸಮ್ಮ ನನ್ನ ಬೆಂಚನ್ನ ತನ್ನ ಬೆಂಚಿಗೆ ಎಳ್ಕೊಂಡು, ಎಡಗಿವಿಗೆ ನನ್ನ ರೇಡಿಯೋ, ಬಲಗಿವಿಗೆ ತನ್ನ ರೇಡಿಯೋ ಇಟ್ಕೊಂಡು ಕೂರೋಳು. ಒಂದು ಕಡೆ ವಾರ್ತೆ, ಇನ್ನೊಂದು ಕಡೆ ರೈತರಿಗೆ ಸಲಹೆ. ಸಾಯಂಕಾಲ ಯಾರಾದ್ರೂ ಕರೆದ್ರೆ ಅವಳಿಗೆ ಕೇಳಿಸ್ತಿರಲಿಲ್ಲ. ಆದ್ರೆ ಒಂದು ಸೆಟ್ಟೂ ವಾಪಸ್ ಬರಲಿಲ್ಲ. ಮಳೆ ಮುಗಿಯೋ ಹೊತ್ತಿಗೆ ಕಂಪನಿ ನನ್ನನ್ನ ಖಾಯಂ ಮಾಡ್ತು. ಇಲ್ಲಿರೋ ಹಳಬರಿಗೆಲ್ಲ ಇದು ಗೊತ್ತಿದೆ."

ಹಳಬರು ತಲೆಯಾಡಿಸಿದರು. ಸೇತುರಾಮ ಗಡಿಯಾರ ನೋಡಿಕೊಂಡು, ಇನ್ನೂ ಸಮಯವಿದೆ ಎಂದು ಸನ್ನೆ ಮಾಡಿದ.

"ಸಮಯ ಬೇಡ ಸಾರ್, ಮುಗೀತು," ಎಂದಳು ಅನಂತಲಕ್ಷ್ಮಿ, ನರಸಮ್ಮನ ಕಡೆ ತಿರುಗಿ. "ಈ ಕೆಲಸ ನಿಂದು ಕಣೇ. ಇಷ್ಟು ವರ್ಷ ನಾನು ಇಟ್ಕೊಂಡಿದ್ದೆ. ತಗೋ."