ಬೀಗದವನ ಮೇದೋಜ್ಜೀರಕ

"ಮೂವತ್ತು ವರ್ಷದಿಂದ ಊರಿನ ಬೀಗಗಳೆಲ್ಲ ನನ್ನೆದುರು ಬಾಯಿ ಬಿಟ್ಟಿವೆ. ನನ್ನ ಮೈಯ ಬೀಗ ಬಿಡಲ್ವಾ? ಮಾತ್ರೆಯೂ ಬೇಡ, ನಡಿಗೆಯೂ ಬೇಡ!" ಎಂದು ಬೀಗ ರಿಪೇರಿಯವನು ಡಾಕ್ಟರ ಮೇಜು ಗುದ್ದಿಯೇ ಎದ್ದುಬಂದ.

ತಪ್ಪು ಡಾಕ್ಟರದೇ. ಸುಲಭವಾಗಿ ತಿಳಿಯಲೆಂದು ಅವನ ಕಸುಬಿನ ಮಾತಿನಲ್ಲೇ ಹೇಳಿಬಿಟ್ಟಿದ್ದರು. ಹೊಟ್ಟೆಯ ಹಿಂದೆ ಮೇದೋಜ್ಜೀರಕವೆಂಬ ಗ್ರಂಥಿ ಕೂತಿದೆ. ಅದು ಕರುಳಿಗೆ ಜೀರ್ಣರಸ ಕಳಿಸುತ್ತದೆ, ರಕ್ತಕ್ಕೆ ಇನ್ಸುಲಿನ್ ಎಂಬ ಬೀಗದ ಕೈ ಕಳಿಸುತ್ತದೆ. ಆ ಕೈ ತಿರುಗಿದರೆ ಜೀವಕೋಶದ ಬಾಗಿಲು ತೆರೆದು ಸಕ್ಕರೆ ಒಳಗೆ ಹೋಗುತ್ತದೆ. "ನಿಮ್ಮ ಬೀಗಗಳು ಬಿಗಿಯಾಗಿವೆ. ಬೀಗದ ಕೈ ಮಾಡಿ ಮಾಡಿ ಗ್ರಂಥಿ ಸುಸ್ತಾಗಿದೆ. ನಡೀರಿ, ಮೈ ದುಡಿದ್ರೆ ಬಾಗಿಲು ಸಡಿಲ ಆಗುತ್ತೆ. ಇಲ್ಲಾಂದ್ರೆ ಕಣ್ಣು ಹೋಗಬಹುದು."

"ಬಿಗಿಯಾದ ಬೀಗಕ್ಕೆ ಮದ್ದೇನು? ಮತ್ತೆ ಮತ್ತೆ ತಿರುಗಿಸೋದು!" ಇದು ಇವನ ವಾದ. ಸಕ್ಕರೆ ಹೆಚ್ಚು ಕಳಿಸಿದರೆ ಗ್ರಂಥಿಯೂ ಬೀಗದ ಕೈ ಹೆಚ್ಚು ಮಾಡುತ್ತದೆ! ಸರಿ, ದಿನಕ್ಕೊಂದು ಪೊಟ್ಟಣ ಕ್ರೀಮ್ ಬಿಸ್ಕತ್ತು ಔಷಧಿಯ ಠೀವಿಯಲ್ಲಿ ಒಳಗಿಳಿಯಿತು. ಹೆಂಡತಿ ಬಿಸ್ಕತ್ತನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕೂದಲ ಪಿನ್ನಿನಿಂದ ತೆಗೆದ. ಎರಡನೆಯ ಬೀಗವನ್ನು ಕಣ್ಣು ಮುಚ್ಚಿಕೊಂಡು ತೆಗೆದ, ಅದೂ ಅವಳೆದುರಿಗೇ! ಆದರೆ ಇವನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು.

ಭಾನುವಾರ ಬೆಳಿಗ್ಗೆ ಕಪಾಟಿನ ಬಾಗಿಲಲ್ಲಿ ಹೊಳೆಯುವ ಹೊಸ ಬೀಗ ನೇತಾಡುತ್ತಿತ್ತು.

"ನಿಮ್ಮಂಗಡಿ ಎದುರಿಗೇ ಬೀಗ ಮಾರ್ತಾನಲ್ಲ, ಅವನದು. ನಿಮ್ಮ ಕೈಲಿ ಆಗಲ್ಲ ಅಂದ," ಎಂದಳು ಸ್ವೆಟರ್ ಹೆಣೆಯುತ್ತಾ.

ಆ ಎದುರಂಗಡಿಯವನೇ! ಇವನಿಗೆ ಮೈಯೆಲ್ಲ ಉರಿದುಹೋಯಿತು. ಪಿನ್ನು ಮುರಿಯಿತು. ಬೀಗ ಕೆದಕುವ ಸಲಾಕೆ ತರಲು ನಾಲ್ಕು ಮಹಡಿ ಇಳಿದು, ನಾಲ್ಕು ಬೀದಿ ದಾಟಿ ಅಂಗಡಿಗೆ ಓಡಿದ. ಸಲಾಕೆ ದಪ್ಪವಾಯಿತು, ಮತ್ತೆ ಓಡಿದ. ಮೂರನೆಯ ಸಲ ಸಲಕರಣೆಯ ಇಡೀ ಪೆಟ್ಟಿಗೆಯನ್ನೇ ಹೊತ್ತು ತಂದ. ಮಧ್ಯಾಹ್ನಕ್ಕೆ ಬೀಗ ಸೋತಿತು. "ನೋಡು!" ಎಂದು ಬಾಗಿಲು ತೆರೆದರೆ ಬಿಸ್ಕತ್ತಿಲ್ಲ, ರಕ್ತದ ಸಕ್ಕರೆ ಅಳೆಯುವ ಯಂತ್ರ ಕೂತಿದೆ!

ಹೆಂಡತಿ ಅವನ ಬೆರಳು ಚುಚ್ಚಿದಳು. ಎರಡು ತಿಂಗಳಲ್ಲಿ ಅಂಕಿ ಅಷ್ಟು ಕೆಳಗಿಳಿದೇ ಇರಲಿಲ್ಲ.

"ಡಾಕ್ಟರ್ ಹೇಳಿದ್ರೆ ಒಂದು ಹೆಜ್ಜೆ ಇಡಲ್ಲ. ಎದುರಂಗಡಿಯವನ ಒಂದು ಮಾತಿಗೆ ಮೂರು ಸಲ ಓಡ್ತೀರಿ!"

"ಅದೆಲ್ಲ ಬಿಡು. ಬೀಗ ತೆಗೆದೆನೋ ಇಲ್ವೋ? ತಾಕತ್ತಿದ್ರೆ ನಾಳೆ ಇದರಪ್ಪನಂಥ ಬೀಗ ತಂದು ಹಾಕು!"

"ನಾಳೆ ಯಾಕೆ? ನೀವು ಕೊನೇ ಸಲ ಹೋದಾಗಲೇ ಅಡುಗೆಮನೆಗೆ ಹಾಕಿದೀನಿ. ನಿಮ್ಮ ಊಟ ಒಳಗಿದೆ. ನಂದಾಯ್ತು."