ಕಬಡ್ಡಿ ಹುಡುಗರಿಗೆ ನಾನು ಕಟ್ಟಿದ ಮುದ್ದೆ

ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಒಂದು ಇಂಟರ್‌ನ್ಯಾಷನಲ್ ಶಾಲೆಯ ಅಡುಗೆಮನೆ ನನ್ನ ಉಸ್ತುವಾರಿಯಲ್ಲಿತ್ತು. ನಮ್ಮ ಮಕ್ಕಳು ಟೆನಿಸ್‌ನಲ್ಲಿ ಗೆದ್ದಿದ್ದರು, ಈಜಿನಲ್ಲಿ ಗೆದ್ದಿದ್ದರು. ಬ್ಯಾಸ್ಕೆಟ್‌ಬಾಲ್ ಕಪ್ಪುಗಳನ್ನಿಡಲು ಇನ್ನೊಂದು ಬೀರು ತರಿಸಬೇಕಾಯಿತು. ಇಲ್ಲದ್ದು ಕಬಡ್ಡಿ ಶೀಲ್ಡು ಒಂದೇ. ಆ ವರ್ಷ ಮೊದಲ ಸಲ ಫೈನಲ್ ಮುಟ್ಟಿದ್ದೆವು. ಎದುರಿಗೆ ಕಿಕ್ಕೇರಿ ಕಡೆಯ ಹಳ್ಳಿ ಶಾಲೆ. ಶೀಲ್ಡು ಬಂದಂತೆಯೇ ಎಂದು ನಾನು ತೀರ್ಮಾನಿಸಿದ್ದೆ.

"ಬೆಳಿಗ್ಗೆ ಹುಡುಗ್ರಿಗೆ ಎರಡು ಬ್ರೆಡ್ಡು, ಒಂದು ಬಾಳೆಹಣ್ಣು ಸಾಕು ಅಕ್ಕ," ಅಂದಿದ್ದರು ಪಿ.ಟಿ. ಮಾಸ್ಟರು.

ಬ್ರೆಡ್ಡು ಜ್ವರ ಬಂದವರ ಊಟ. ಅದನ್ನು ತಿಂದವನು ಇನ್ನೊಬ್ಬನ ಕಾಲು ಹಿಡಿದು ಎಳೆದಾನೆಯೇ?

ಏಳು ಗಂಟೆಗೇ ಮುದ್ದೆ ಕಟ್ಟಿ, ಅವರೆಕಾಳು ಸಾರು ಬಿಟ್ಟು, ಬೆಣ್ಣೆ ಹಾಕಿದೆ. ನಮ್ಮ ಕಡೆ ಬಡಿಸುವವರಿಗೆ 'ಸಾಕು' ಎಂಬ ಮಾತು ಕೇಳಿಸುವುದಿಲ್ಲ. ಬೊಂಬಾಯಿಯಿಂದ ಬಂದಿದ್ದ ನಮ್ಮ ಕ್ಯಾಪ್ಟನ್ ತಟ್ಟೆಗೆ ಕೈ ಅಡ್ಡ ಇಟ್ಟ. ಕೈ ಸರಿಸಿ ಮೂರನೆಯದನ್ನು ಇಟ್ಟೆ. ಮೇಲೆ ತಲೆಗೊಂದು ಚೊಂಬು ಮಜ್ಜಿಗೆ.

ಪಾಂಡವಪುರದ ಮೈದಾನದಲ್ಲಿ ಇಳಿದರೆ ಎದುರಿಗೇ ತೂಕದ ಯಂತ್ರ.

"ಇದ್ಯಾಕೆ ಸಾರ್?"

"ಆಟಕ್ಕೆ ಮುಂಚೆ ತೂಕ ನೋಡ್ತಾರೆ ಅಕ್ಕ. ಐವತ್ತೈದು ಕೆ.ಜಿ. ದಾಟಂಗಿಲ್ಲ. ಬ್ರೆಡ್ಡು ಅಂದಿದ್ದು ಅದಕ್ಕೇ."

ಕ್ಯಾಪ್ಟನ್ ಹತ್ತಿ ನಿಂತ. ಐವತ್ತಾರು. ಏಳು ಜನರಲ್ಲಿ ಐವರು ದಾಟಿದ್ದರು. ದಾಟಿದ ಭಾಗವೆಲ್ಲ ನನ್ನ ಕೈಯಾರೆ ಕಟ್ಟಿದ್ದು.

ತೂಕ ಇಳಿಸಿಕೊಳ್ಳಲು ಒಂದು ಗಂಟೆ ಅವಕಾಶ ಕೊಟ್ಟರು. ಮಾಸ್ಟರು ಐವರನ್ನೂ ಬಿಸಿಲಲ್ಲಿ ಮೈದಾನದ ಸುತ್ತ ಓಡಿಸಿದರು. ಹೊಂಗೆಮರದ ಕೆಳಗೆ ಕಾಲು ಚಾಚಿದ್ದ ಕಿಕ್ಕೇರಿ ಹುಡುಗರು, "ಅಂಗೇ ಓಡ್ರಲಾ, ಕರಗ್ತಾ ಐತೆ," ಎಂದು ಹುರಿದುಂಬಿಸಿದರು. ತಪ್ಪು ನನ್ನದಲ್ಲವೇ ಎಂದು ನಾನೂ ಒಂದು ಸುತ್ತು ಓಡಿದೆ. ನನ್ನ ತೂಕವನ್ನು ಯಾರೂ ಕೇಳಲಿಲ್ಲ.

ಅಂತೂ ಮುಳ್ಳು ಐವತ್ತೈದಕ್ಕೆ ಇಳಿಯಿತು. ಅಷ್ಟರಲ್ಲಿ ಹುಡುಗರ ಕಾಲುಗಳೂ ಬಿದ್ದುಹೋಗಿದ್ದವು. 'ಕಬಡ್ಡಿ ಕಬಡ್ಡಿ' ಎನ್ನುತ್ತ ಗೆರೆ ದಾಟಿದ ನಮ್ಮ ಕ್ಯಾಪ್ಟನ್‌ಗೆ ಮೂರನೆಯ 'ಕಬಡ್ಡಿ'ಯ ಜಾಗದಲ್ಲಿ ತೇಗು ಬಂತು. ಮಾತು ನಿಂತಿತೆಂದು ಅಂಪೈರು ಔಟ್ ಕೊಟ್ಟರು. ಉಳಿದವರೂ ಒಬ್ಬೊಬ್ಬರಾಗಿ ಔಟಾದರು. ಶೀಲ್ಡು ಕಿಕ್ಕೇರಿ ಬಸ್ಸು ಹತ್ತಲು ಸಿದ್ಧವಾಯಿತು.

ಮಧ್ಯಾಹ್ನಕ್ಕೆಂದು ಒಯ್ದಿದ್ದ ಮುದ್ದೆ ಡಬ್ಬಿ ತೆರೆದರೆ ನಮ್ಮವರು ಮುಖ ತಿರುಗಿಸಿದರು. ಅನ್ನ ಹಾಳಾಗಬಾರದೆಂದು ಗೆದ್ದವರನ್ನೇ ಕರೆದು ಬಡಿಸಿದೆ. ಅವರ ಕ್ಯಾಪ್ಟನ್ ಬೆರಳು ನೆಕ್ಕುತ್ತ ಹೇಳಿದ: "ಮುಂದ್ಲ ವರ್ಸನೂ ಅವ್ರಿಗೆ ನೀವೇ ಅಡ್ಗೆ ಮಾಡಿ ಕಣವ್ವ."

ಎಷ್ಟು ಒಳ್ಳೆಯ ಮಾತು ಎಂದುಕೊಂಡು ಅವನಿಗೆ ಇನ್ನೊಂದು ಮುದ್ದೆ ಹಾಕಿದೆ.